ಸೊಳ್ಳೆ ಕಚ್ಚಿ ಹೋದ ಮೇಲೆ



2022ರ ಡಿಸೆಂಬರಿನಲ್ಲಿ ರಾಮನಗರ ಜಿಲ್ಲೆಯ ಶಾಲೆಗಳಲ್ಲಿ ಮಕ್ಕಳಿಗೆಲ್ಲ ಚುಚ್ಚುಮದ್ದು ಹಾಕಿದ್ದು ಬಿಡದಿ ಕಡೆಯ ಅಪ್ಪ ಅಮ್ಮಂದಿರಿಗೆ ನೆನಪಿರಬಹುದು. ಜಪಾನೀಸ್ ಎನ್ಸೆಫಲೈಟಿಸ್, ಅಂದರೆ ನಾವು ಮೆದುಳು ಜ್ವರ ಅನ್ನುತ್ತೇವಲ್ಲ, ಅದರ ಲಸಿಕೆ. ರಾಜ್ಯದ ಕೆಲವು ಜಿಲ್ಲೆಗಳನ್ನು ಆರಿಸಿ, 1ರಿಂದ 15 ವರ್ಷದೊಳಗಿನ ಸುಮಾರು 48 ಲಕ್ಷ ಮಕ್ಕಳಿಗೆ ಹಾಕಬೇಕೆಂದು ಹೊರಟ ಅಭಿಯಾನ ಅದು. ಇಂಥ ಹೊತ್ತಿನಲ್ಲಿ ಆಶಾ ಕಾರ್ಯಕರ್ತೆಯರಿಗೆ ತಪ್ಪದೆ ಎದುರಾಗುವ ಪ್ರಶ್ನೆ ಒಂದಿದೆ: "ಇದು ಎಷ್ಟು ವರ್ಷ ಇರುತ್ತಕ್ಕಾ?" ಕೇಳುವುದಕ್ಕೆ ಸುಲಭ. ಆದರೆ ಇದೇ ಪ್ರಶ್ನೆಯ ಬೆನ್ನು ಹತ್ತಿ ಕೆಲವರು ಇಡೀ ಆಯಸ್ಸು ಕಳೆದಿದ್ದಾರೆ. ಅಂಥ ಒಬ್ಬರ ಕೆಲಸ ಶುರುವಾದದ್ದು ಬೆಂಗಳೂರಿನಲ್ಲೇ.

ಮೊದಲು ರೋಗದ ವಿಷಯ. ನಮ್ಮ ದೇಶದಲ್ಲಿ ಮನುಷ್ಯರಲ್ಲಿ ಇದನ್ನು ಮೊದಲು ಗುರುತಿಸಿದ್ದು 1955ರಲ್ಲಿ, ವೆಲ್ಲೂರಿನ ಕಡೆ. ಎಪ್ಪತ್ತರ ದಶಕದ ಕೊನೆಗೆ ಕೋಲಾರ, ಮಂಡ್ಯಗಳಲ್ಲಿ ಮಕ್ಕಳನ್ನು ಕಾಡಿತು. ಭತ್ತದ ಗದ್ದೆಯ ನಿಂತ ನೀರಿನಲ್ಲಿ ಹುಟ್ಟುವ ಕ್ಯೂಲೆಕ್ಸ್ ಸೊಳ್ಳೆ, ಬೆಳ್ಳಕ್ಕಿಯಂಥ ನೀರುಹಕ್ಕಿ, ಹಂದಿ, ಈ ಮೂರರ ನಡುವೆ ವೈರಸ್ಸು ಸುತ್ತುತ್ತಿರುತ್ತದೆ. ಮನುಷ್ಯ ನಡುವೆ ಸಿಕ್ಕಿಬೀಳುತ್ತಾನೆ ಅಷ್ಟೆ. 1981ರಲ್ಲಿ ಕೋಲಾರದ ರೋಗಿಯಿಂದ ಬೇರ್ಪಡಿಸಿದ ವೈರಸ್ಸನ್ನೇ ಬಳಸಿ ಮುಂದೆ ಭಾರತ್ ಬಯೋಟೆಕ್‌ನವರು ಜೆನ್‌ವ್ಯಾಕ್ ಎಂಬ ಲಸಿಕೆ ಮಾಡಿದರು. ಅದು ಹೊರಬಂದದ್ದು 2013ರಲ್ಲಿ.

ವಿಚಿತ್ರವೆಂದರೆ, ವೈರಸ್ಸು ಹೊಕ್ಕ ಸುಮಾರು 250 ಜನರಲ್ಲಿ ಒಬ್ಬರಿಗೆ ಮಾತ್ರ ಕಾಯಿಲೆ ಜೋರಾಗಿ ಮೆದುಳಿಗೆ ಏರುತ್ತದೆ. ಆ ಒಬ್ಬರ ಪಾಡು ಬಲು ಕಷ್ಟ. ಜೀವ ಹೋಗಬಹುದು, ಉಳಿದರೂ ಕೈಕಾಲು, ಮಾತು, ಬುದ್ಧಿ ಕುಂದಬಹುದು. ಮಿಕ್ಕವರಲ್ಲಿ ಹೆಚ್ಚಿನವರಿಗೆ ಸೊಳ್ಳೆ ಕಚ್ಚಿದ್ದೂ ಗೊತ್ತಾಗುವುದಿಲ್ಲ. ಅವರ ಮೈಯೊಳಗೆ ಏನು ನಡೆಯಿತು?

ಒಮ್ಮೆ ಬಂದ ಕಾಯಿಲೆಯನ್ನು ಮೈ ಮರೆಯುವುದಿಲ್ಲ ಎನ್ನುವುದು ಹಳೆಯ ತಿಳಿವಳಿಕೆ. 1846ರಲ್ಲಿ ಫೆರೋ ದ್ವೀಪಗಳಲ್ಲಿ ದಡಾರ ಎದ್ದಾಗ, 1781ರಲ್ಲಿ ಅದನ್ನು ಕಂಡಿದ್ದ ಮುದುಕರನ್ನು ಬಿಟ್ಟು ಉಳಿದವರಲ್ಲಿ ಬಹುಪಾಲು ಜನ ಮಲಗಿದರು ಎಂದು ಡೆನ್ಮಾರ್ಕಿನ ವೈದ್ಯ ಪನುಮ್ ಬರೆದಿಟ್ಟಿದ್ದಾನೆ. 65 ವರ್ಷದ ನೆನಪು! ಇದೆಲ್ಲ ರಕ್ತದಲ್ಲಿರುವ ಪ್ರತಿಕಾಯಗಳ ಮಹಿಮೆ ಎಂದೇ ಬಹುಕಾಲ ನಂಬಿದ್ದರು. 1961ರಲ್ಲಿ ಜಾಕ್ ಮಿಲ್ಲರ್ ಎದೆಗೂಡಿನ ಥೈಮಸ್ ಗ್ರಂಥಿಯ ಕೆಲಸವನ್ನು ತೋರಿಸಿಕೊಟ್ಟರು. ಅಲ್ಲಿ ಬಲಿಯುವ ಬಿಳಿ ರಕ್ತಕಣಗಳೇ ಟಿ ಕೋಶಗಳು. ವೈರಸ್ಸು ನಮ್ಮದೇ ಜೀವಕೋಶದೊಳಗೆ ಅಡಗಿ ಕೂತರೆ ಪ್ರತಿಕಾಯದ ಕೈಗೆ ಸಿಗುವುದಿಲ್ಲ. ಆಗ ಆ ಕೋಶವನ್ನೇ ಪತ್ತೆ ಮಾಡಿ ಕೊಲ್ಲುವುದು ಟಿ ಕೋಶದ ಕೆಲಸ.

ಬೆಂಗಳೂರಿಗೆ ಬರೋಣ. ತೊಂಬತ್ತರ ದಶಕದಲ್ಲಿ ನಮ್ಮ ಟಾಟಾ ಇನ್‌ಸ್ಟಿಟ್ಯೂಟಿನ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯ, ಆರ್. ಮಂಜುನಾಥ್ ಮತ್ತು ನಿಮ್ಹಾನ್ಸಿನ ವಿ. ರವಿ ಅವರೊಂದಿಗೆ ಕಾಜಾ ಮುರಳಿಕೃಷ್ಣ ಎಂಬ ತರುಣ ಇದೇ ಮೆದುಳು ಜ್ವರದ ಮೇಲೆ ಕೆಲಸ ಮಾಡುತ್ತಿದ್ದರು. ರವಿ ಅಂದರೆ ಕೋವಿಡ್ ಕಾಲದಲ್ಲಿ ದಿನಾ ಟಿವಿಯಲ್ಲಿ ಕಾಣುತ್ತಿದ್ದ ಅದೇ ಡಾಕ್ಟರು. ವೈರಸ್ಸನ್ನು ಗುರುತಿಸಬಲ್ಲ ಟಿ ಕೋಶಗಳನ್ನು ಬೆಳೆಸಿ, ಸಾಯುವಷ್ಟು ವೈರಸ್ಸು ಕೊಟ್ಟ ಇಲಿಗಳ ಮೈಗೆ ಸೇರಿಸಿದರು. ದೊಡ್ಡ ಇಲಿಗಳು ಉಳಿದವು. ಆಗತಾನೆ ಹುಟ್ಟಿದ ಮರಿಗಳು ಉಳಿಯಲಿಲ್ಲ. ದೊಡ್ಡವು ಉಳಿಯಬೇಕಾದರೂ ಕೊಲ್ಲುವ ಕೋಶಗಳಷ್ಟೇ ಸಾಲದು, ಅವುಗಳಿಗೆ ನೆರವಾಗುವ ಸಿಡಿ4 ಎಂಬ ಇನ್ನೊಂದು ಬಗೆಯ ಟಿ ಕೋಶ ಜೊತೆಗಿರಬೇಕು. ಈ ಫಲಿತಾಂಶ 1996ರಲ್ಲಿ ಪ್ರಕಟವಾಯಿತು. ಈ ಸಿಡಿ4 ಹೆಸರು ಮನಸ್ಸಿನಲ್ಲಿರಲಿ, ಮುಂದೆ ಬೇಕಾಗುತ್ತದೆ.

ಮುರಳಿಕೃಷ್ಣ ಅಮೆರಿಕದ ಅಟ್ಲಾಂಟಾಕ್ಕೆ ಹೋದರು. ಎಮೊರಿ ವಿಶ್ವವಿದ್ಯಾಲಯದಲ್ಲಿ ಹೈದರಾಬಾದಿನ ರಫಿ ಅಹ್ಮದ್ ಅವರ ಪ್ರಯೋಗಾಲಯ. ಸೋಂಕು ಬಂದಾಗ ಎಷ್ಟು ಟಿ ಕೋಶ ಏಳುತ್ತವೆ ಎಂದು ಎಣಿಸುವುದೇ ಆಗ ದೊಡ್ಡ ತಲೆನೋವು. 1996ರಲ್ಲಿ ಬಂದ ಟೆಟ್ರಾಮರ್ ಎಂಬ ಹೊಸ ಸಾಧನ ಅದನ್ನು ಬಿಡಿಸಿತು. ವೈರಸ್ಸಿನ ಒಂದು ಚೂರನ್ನು ಹಿಡಿದ ನಾಲ್ಕು ಪ್ರೊಟೀನುಗಳನ್ನು ಒಟ್ಟಿಗೆ ಕಟ್ಟಿ, ಮಿನುಗುವ ಬಣ್ಣ ಅಂಟಿಸಿ, ಇಲಿಯ ಗುಲ್ಮದಿಂದ ತೆಗೆದ ಕೋಶಗಳಿಗೆ ಬೆರೆಸುತ್ತಾರೆ. ಆ ವೈರಸ್ಸಿಗೆಂದೇ ಇರುವ ಟಿ ಕೋಶಕ್ಕೆ ಮಾತ್ರ ಬಣ್ಣ ಹತ್ತುತ್ತದೆ. ಕೋಶಗಳು ಒಂದರ ಹಿಂದೆ ಒಂದು ಲೇಸರ್ ಬೆಳಕಿನ ಮುಂದೆ ಹಾದುಹೋದಂತೆ ಪರದೆಯ ಮೇಲೆ ಚುಕ್ಕಿಗಳು ಬೀಳುತ್ತವೆ. 1998ರಲ್ಲಿ ಹೀಗೆ ಎಣಿಸಿದಾಗ ಎಲ್ಲರೂ ಬೆರಗಾದರು. ಸೋಂಕಿನ ಎಂಟನೆಯ ದಿನ, ಇಲಿಯ ಮೈಯಲ್ಲಿ ಕೆರಳಿ ಎದ್ದ ಸಿಡಿ8, ಅಂದರೆ ಕೊಲ್ಲುವ ಬಗೆಯ, ಟಿ ಕೋಶಗಳಲ್ಲಿ ಅರ್ಧಕ್ಕೂ ಹೆಚ್ಚು ಆ ಒಂದೇ ವೈರಸ್ಸಿನ ಮೇಲೆ ನಿಂತಿದ್ದವು.

ಆಮೇಲೆ ಇಳಿಕೆ. ಇದು ಬಿಡದಿಯ ಕಾರ್ಖಾನೆಯವರಿಗೆ ಬಿಡಿಸಿ ಹೇಳಬೇಕಿಲ್ಲ: ಆರ್ಡರ್ ಏರಿದಾಗ ಗುತ್ತಿಗೆಯವರನ್ನು ತುಂಬಿಕೊಂಡು, ಮುಗಿದೊಡನೆ ಕಳಿಸಿ, ಪಳಗಿದ ಕೆಲವರನ್ನಷ್ಟೇ ಉಳಿಸಿಕೊಳ್ಳುವ ಲೆಕ್ಕ. ನೂರರಲ್ಲಿ ತೊಂಬತ್ತಕ್ಕೂ ಮಿಕ್ಕಿ ಸಾಯುತ್ತವೆ. ಉಳಿಯುವ ಐದೋ ಹತ್ತೋ ನೆನಪಿನ ಟಿ ಕೋಶಗಳಾಗುತ್ತವೆ.

ಇವನ್ನು ಉಳಿಸುವುದು ಯಾವುದು ಎಂಬುದರ ಮೇಲೆ ಜಗಳ ಎದ್ದಿತ್ತು. ವೈರಸ್ಸಿನ ಚೂರು ಎಲ್ಲೋ ಉಳಿದು ಆಗಾಗ ಕೆಣಕುತ್ತಿದ್ದರೆ ಮಾತ್ರ ನೆನಪು ಬಾಳುತ್ತದೆ ಎಂದು ಒಂದು ಪಕ್ಷ. ಅದರ ಹಂಗಿಲ್ಲ ಎಂದು ರಫಿ ಅವರ ತಂಡ 1994ರಲ್ಲೇ ಹೇಳಿತ್ತು. 1999ರಲ್ಲಿ ಮುರಳಿಕೃಷ್ಣ ಮತ್ತು ಸಂಗಡಿಗರು ವಾದಕ್ಕೆ ಎಡೆಯಿಲ್ಲದ ಪ್ರಯೋಗ ಮಾಡಿದರು. ವೈರಸ್ಸಿನ ಚೂರನ್ನು ಈ ಕೋಶಗಳಿಗೆ ತೋರಿಸುವ ಪ್ರೊಟೀನೇ ಇಲ್ಲದ ಇಲಿಗಳನ್ನು ಆರಿಸಿ, ಅವುಗಳ ಮೈಗೆ ನೆನಪಿನ ಕೋಶಗಳನ್ನು ಬಿಟ್ಟರು. ನೆನಪಿಸುವವರೇ ಇಲ್ಲದ ಮನೆಯಲ್ಲೂ ಅವು ಬದುಕಿದವು, ನಿಧಾನವಾಗಿ ಇಬ್ಭಾಗವಾಗುತ್ತ ಸಂಖ್ಯೆ ಕಾಯ್ದುಕೊಂಡವು, ಕೆಲಸವನ್ನೂ ಮರೆಯಲಿಲ್ಲ. 'ಸೈನ್ಸ್' ಪತ್ರಿಕೆಯಲ್ಲಿ ಇದು ಅಚ್ಚಾಯಿತು.

ಇಲಿಯಿಂದ ಮನುಷ್ಯನಿಗೆ ದಾರಿ ದೂರ. ಮುರಳಿಕೃಷ್ಣ ಮುಂದೆ ದೆಹಲಿಯಲ್ಲಿ ಐಸಿಜಿಇಬಿ ಎಂಬ ಸಂಶೋಧನಾ ಸಂಸ್ಥೆ ಮತ್ತು ಎಮೊರಿ ಸೇರಿ ನಡೆಸುವ ಲಸಿಕಾ ಕೇಂದ್ರದ ಜೊತೆ ಡೆಂಗಿ ರೋಗಿಗಳ ರಕ್ತವನ್ನು ಪರೀಕ್ಷಿಸಿದರು. 2016ರ ವರದಿಯ ಪ್ರಕಾರ ಜ್ವರದ ಹೊತ್ತಿಗೆ ಸಿಡಿ8 ಕೋಶಗಳು ಭರದಿಂದ ಏಳುತ್ತವೆ, ಆದರೆ ಪ್ರಯೋಗಾಲಯದಲ್ಲಿ ಕೆಣಕಿದರೆ ಬಹುಪಾಲು ಕೋಶಗಳು ನಿರೀಕ್ಷಿಸಿದ ಇಂಟರ್‌ಫೆರಾನ್ ಎಂಬ ಪ್ರೊಟೀನನ್ನು ಬಿಡುವುದಿಲ್ಲ.

ಅದೇ ವರ್ಷ ನಿಮ್ಹಾನ್ಸ್ ಮತ್ತು ಲಿವರ್‌ಪೂಲ್ ವಿಜ್ಞಾನಿಗಳು ಸೇರಿ ದಕ್ಷಿಣ ಭಾರತದ ಜನರ ಟಿ ಕೋಶಗಳ ಬಗ್ಗೆ ಬರೆದರು. ಮೆದುಳು ಜ್ವರದ ವೈರಸ್ಸು ತಗುಲಿಯೂ ಆರೋಗ್ಯವಾಗಿದ್ದವರಲ್ಲಿ ಸಿಡಿ8 ಕೋಶಗಳು ಮುಂದಿದ್ದವು, ಅವುಗಳಲ್ಲಿ ಬಹಳಷ್ಟು ಡೆಂಗಿ ವೈರಸ್ಸನ್ನೂ ಗುರುತಿಸುತ್ತಿದ್ದವು. ಕಾಯಿಲೆ ಬಿದ್ದು ಪೂರ್ತಿ ಚೇತರಿಸಿಕೊಂಡವರಲ್ಲಿ ಹಲವು ಕೆಲಸ ಒಟ್ಟಿಗೆ ಮಾಡಬಲ್ಲ ಸಿಡಿ4 ಕೋಶಗಳಿದ್ದವು. ಬೆಂಗಳೂರಿನ ಇಲಿಗಳಿಗೆ ನೆರವಾದದ್ದೂ ಅದೇ ಬಗೆಯ ಕೋಶ.

ಇಷ್ಟಾದರೂ ಲಸಿಕೆ ಹತ್ತಿತೋ ಇಲ್ಲವೋ ಎಂದು ಇಂದಿಗೂ ಅಳೆಯುವುದು ರಕ್ತದ ಪ್ರತಿಕಾಯದಿಂದಲೇ. ಟಿ ಕೋಶ ಪರೀಕ್ಷಿಸಬೇಕಾದರೆ ತಾಜಾ ರಕ್ತ, ದುಬಾರಿ ಯಂತ್ರ, ಪಳಗಿದ ಕೈ ಬೇಕು. ತಾಲ್ಲೂಕು ಆಸ್ಪತ್ರೆಯಲ್ಲಿ ಆಗುವ ಮಾತಲ್ಲ. ಆದ್ದರಿಂದ "ಎಷ್ಟು ವರ್ಷ ಇರುತ್ತಕ್ಕಾ" ಎಂಬುದಕ್ಕೆ ಸಿಗುವ ಉತ್ತರ ಅರ್ಧ ಲೆಕ್ಕದ್ದು ಎಂದು ನನ್ನ ಅನಿಸಿಕೆ.

ರೋಗವಿರುವ ಜಿಲ್ಲೆಗಳಲ್ಲಿ ಈ ಲಸಿಕೆ ಈಗ ಎರಡು ಸಲ: ಒಂಬತ್ತು ತಿಂಗಳು ತುಂಬಿದಾಗ ಒಂದು, ಒಂದೂವರೆ ವರ್ಷದ ಆಸುಪಾಸು ಇನ್ನೊಂದು. ಕೆಲಸಕ್ಕೆಂದು ಬೇರೆ ಜಿಲ್ಲೆಯಿಂದಲೋ ರಾಜ್ಯದಿಂದಲೋ ಬಂದು ಬಿಡದಿಯಲ್ಲಿ ಬಾಡಿಗೆಗೆ ಇರುವ ಸಂಸಾರಗಳಲ್ಲಿ ಅಭಿಯಾನ ಮುಗಿದ ಮೇಲೆ ಬಂದ ಮಕ್ಕಳಿರುತ್ತಾರೆ. ಅವರ ತಾಯಿ ಕಾರ್ಡನ್ನೋ ಊರಿನಿಂದ ತಂದ ಲಸಿಕೆ ಚೀಟಿಯನ್ನೋ ಹಿಡಿದು ಒಮ್ಮೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಬನ್ನಿ.