ತುಂಬಿದ ಕೊಡದೊಳಗಿನ ಮಣ್ಣು



ಸಿಂಧನೂರು ಕಡೆಯ ಭಕ್ತರೊಬ್ಬರು ನಿನ್ನೆ ನಮ್ಮನ್ನು ಕೇಳಿದರು: “ಅಜ್ಜಾರ, ಡ್ಯಾಮು ತುಂಬೇತಿ ಅಂತಾರ, ನಮ್ಮ ಕಾಲುವಿ ತುದಿಗೆ ನೀರು ಮುಟ್ಟಾಂಗಿಲ್ಲ. ತುಂಬಿದ್ದು ಎಲ್ಲಿ ಹೋತ್ರಿ?” ಅವರ ಎರಡನೆಯ ಬೆಳೆಯ ಭತ್ತ ತೆನೆ ಬಿಡುವ ಹೊತ್ತಿಗೆ ಒಣಗಿತ್ತು. ಮೇಲಿನವರು ತಮ್ಮ ಪಾಲಿಗಿಂತ ಹೆಚ್ಚು ಎಳೆದುಕೊಳ್ಳುವುದೂ ಉಂಟು. ಅದು ಬೇರೊಂದು ದಿನದ ಮಾತು. ಇಂದು ಹೂಳಿನ ಮಾತನ್ನಾಡೋಣ.

1953ರಲ್ಲಿ ತುಂಗಭದ್ರಾ ಜಲಾಶಯದಲ್ಲಿ ನೀರು ನಿಂತಾಗ ಅದು ಹಿಡಿಯುತ್ತಿದ್ದುದು ಸುಮಾರು 133 ಟಿ.ಎಂ.ಸಿ. 2016ರ ಅಳತೆಯಲ್ಲಿ ಅದು ಸುಮಾರು 105.79ಕ್ಕೆ ಇಳಿದಿತ್ತು. ಕೊಡ ಅದೇ, ಕಂಠವೂ ಅದೇ. ಒಳಗೆ ಐದರಲ್ಲಿ ಒಂದು ಪಾಲು ಮಣ್ಣು! ಕಂಠದವರೆಗೆ ತುಂಬಿದರೂ ತುಂಬಿದ್ದು ಕಡಿಮೆಯೇ.

2024ರ ಆಗಸ್ಟಿನಲ್ಲಿ ಒಂದು ರಾತ್ರಿ 19ನೆಯ ಗೇಟು ಕೊಚ್ಚಿಹೋದಾಗ ನಾಡೆಲ್ಲ ಎಚ್ಚೆತ್ತಿತು. ಹೂಳು ಸದ್ದು ಮಾಡುವುದಿಲ್ಲ. ಅದಕ್ಕೇ ಯಾರೂ ಏಳಲಿಲ್ಲ.

ತೆಗೆದು ಹಾಕಿದರಾಯಿತಲ್ಲ ಎನ್ನುವಿರಿ. ಲೆಕ್ಕ ಹಾಕಿರಿ. ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ. ಲಾರಿಗೆ ಹತ್ತು ಘನ ಮೀಟರು ಹಿಡಿದರೆ ಒಂದು ಟಿ.ಎಂ.ಸಿ.ಗೇ 28 ಲಕ್ಷ ಲಾರಿ ಮಣ್ಣು. ಎಲ್ಲವನ್ನೂ ತೆಗೆದು ಮೊಣಕಾಲುದ್ದ ಹರವಿದರೂ ಮೂರೂವರೆ ಲಕ್ಷ ಎಕರೆಗಿಂತ ಹೆಚ್ಚು ಭೂಮಿ ಬೇಕು. ಅಷ್ಟು ಜಾಗ ಕೊಡುವವರಾರು? ಕೆಳಗಿನ ತೂಬು ತೆರೆದರೆ ಕೊಚ್ಚಿಹೋಗುವುದೇ? ಅದೂ ಇಲ್ಲ. ಓಡುವ ಹೊಳೆ ನಿಂತ ನೀರನ್ನು ಸೇರಿದೊಡನೆ ಹೊತ್ತ ಭಾರವನ್ನು ಇಳಿಸಿಬಿಡುತ್ತದೆ. ಉರುಟು ಮರಳು ಹಿನ್ನೀರಿನ ತಲೆಯಲ್ಲಿಯೇ ಕೂಡುತ್ತದೆ, ನುಣುಪು ರಾಡಿ ಮಾತ್ರ ಮುಂದಕ್ಕೆ ಬರುತ್ತದೆ. ತೂಬಿನ ಸೆಳೆತ ತನ್ನ ಮುಂದಿನ ಸ್ವಲ್ಪವನ್ನು ಎಳೆದೀತು, ಅಷ್ಟೇ.

ಈ ಮಣ್ಣು ಯಾರದು? ತುಂಗೆ, ಭದ್ರೆ, ವರದೆ, ಕುಮುದ್ವತಿಯರ ದಂಡೆಯ ಹೊಲಗಳದು, ನಮ್ಮದು, ನಿಮ್ಮದು. ಬದು ಒಡೆದು ಹೊಲ ಒಂದು ಮಾಡಿದೆವು, ಹಳ್ಳದ ದಂಡೆಯ ಗಿಡ ಕಡಿದೆವು, ಇಳಿಜಾರಿನಲ್ಲಿ ಮೇಲಿನಿಂದ ಕೆಳಕ್ಕೆ ನೇಗಿಲು ಹೊಡೆದೆವು. ಮೊದಲ ಮಳೆಗೆ ಕೆಂಪಗೆ ಹರಿಯುವುದು ನೀರಲ್ಲ, ನಮ್ಮ ಹೊಲದ ಸಾರ. ಗೊಬ್ಬರಕ್ಕೆ ಸಾಲ ಮಾಡಿ, ಅದನ್ನೇ ಹೊಳೆಗೆ ಬಿಡುತ್ತೇವೆ.

ಅದಕ್ಕೆ ಇಳಿಜಾರಿಗೆ ಅಡ್ಡ ಉಳಿರಿ. ಬದು ಕಟ್ಟಿ ಹುಲ್ಲು ಹಚ್ಚಿರಿ. ಊರ ಕೆರೆ ಹೊಳೆಗೆ ಹೋಗುವ ಮಣ್ಣನ್ನು ನಡುದಾರಿಯಲ್ಲಿ ತಡೆಯುತ್ತದೆ. ಅದು ತುಂಬಿದರೆ ಮುಂದಿನದು ಡ್ಯಾಮಿಗೇ. ಕೆರೆಯ ಗೋಡು ಹೊಲಕ್ಕೆ ಬಲು ಒಳ್ಳೆಯದು, ಮರಳು ಮಿಶ್ರಿತ ಕೆಂಪು ಹೊಲಕ್ಕಂತೂ ಹೆಚ್ಚು. ಆದರೆ ಏರಿಯ ಬುಡ ಕೆದಕಬೇಡಿರಿ. ಹೂಳಿನಡಿಯ ಗಟ್ಟಿ ಜೇಡಿಯನ್ನು ಮುಟ್ಟಬೇಡಿರಿ. ಅದನ್ನು ತೂತು ಮಾಡಿದರೆ ಕೆರೆ ಸೋರುತ್ತದೆ. ಹೂಳೆಂಬ ಹೆಸರಿನಲ್ಲಿ ಇಟ್ಟಿಗೆ ಭಟ್ಟಿಗೆ ಮಣ್ಣು ಸಾಗಿಸುವವರನ್ನು ಕೆರೆಗೆ ಇಳಿಯಗೊಡಬೇಡಿರಿ.

ಈ ಬೇಸಿಗೆಯಲ್ಲಿ ಕೆರೆ ಹಿಡಿಯುವ ಊರಿನವರು ಪಂಚಾಯಿತಿಯವರನ್ನು ಕೇಳಿಕೊಂಡು, ಬರುವ ಅಮಾವಾಸ್ಯೆಯೊಳಗೆ ಮಠದಲ್ಲಿ ಹೆಸರು ಬರೆಸಿರಿ. ಮಠದ ಟ್ರ್ಯಾಕ್ಟರು ಬರುತ್ತದೆ; ಮೊದಲ ಬುಟ್ಟಿ ಹೊರಲು ನಾವೂ ಬರುತ್ತೇವೆ.