ಚಳಿಗೊಂದು ಕೋಟು

ಧಾರವಾಡದಲ್ಲಿ ಕುಳಿತು ಚಳಿಗಾಲದ ಕೋಟಿನ ವಿಷಯ ಮಾತನಾಡಹೊರಟರೆ ಕೇಳುಗರು ನಕ್ಕಾರು. ನಮ್ಮದು ಒಂದು ಶಾಲಿಗೆ, ಹೆಚ್ಚೆಂದರೆ ಒಂದು ಮಫ್ಲರಿಗೆ ಬಗ್ಗುವ ಚಳಿ. ಬೆಂಗಳೂರಿನಲ್ಲಿ ಈವರೆಗೆ ದಾಖಲಾದ ಅತಿ ಕಡಿಮೆ ಉಷ್ಣತೆ 7.8 ಡಿಗ್ರಿ, ಅದೂ 1884ರ ಜನವರಿಯಷ್ಟು ಹಿಂದೆ. ದಿಲ್ಲಿಯಲ್ಲಿ ಜನವರಿಯ ಸಾಧಾರಣ ಮುಂಜಾವೇ ಹೆಚ್ಚುಕಡಿಮೆ ಅಷ್ಟು ತಣ್ಣಗಿರುತ್ತದೆ.

ಹಾಗೆಂದು ನಮ್ಮಲ್ಲಿ ಕೋಟು ಇರಲಿಲ್ಲವೆಂದಲ್ಲ. ಡಿ.ವಿ.ಜಿ., ಮಾಸ್ತಿ ಮೊದಲಾದ ಹಿರಿಯರ ಭಾವಚಿತ್ರಗಳನ್ನು ನೆನೆದುಕೊಳ್ಳಿ. ನನ್ನ ತಂದೆ ಹಾವೇರಿಯ ಕಡೆಯ ಒಂದು ಹಳ್ಳಿಯಲ್ಲಿ ಕನ್ನಡ ಶಾಲೆಯ ಮಾಸ್ತರರಾಗಿದ್ದರು. ಧೋತರ, ಕರಿಯ ಟೋಪಿ, ಕೊರಳಿನವರೆಗೆ ಗುಂಡಿ ಹಾಕುವ ಒಂದು ಕೋಟು. ಏಪ್ರಿಲಿನ ಬಿಸಿಲಲ್ಲಿ ಬೆನ್ನು ತೊಯ್ದು ಹೋದರೂ ಆ ಕೋಟನ್ನು ಅವರು ಕಳಚಿದವರಲ್ಲ. ಆದರೆ ಮಾರ್ಗಶಿರದ ರಾತ್ರಿ ಚಳಿ ಇಳಿದಾಗ ಅವರು ನೆಚ್ಚಿದ್ದು ಕೋಟನ್ನಲ್ಲ, ಮೂಲೆಯಲ್ಲಿ ಮಡಚಿಟ್ಟ ಕರಿಯ ಕಂಬಳಿಯನ್ನು. ಮನೆಗೆ ಬೀಗರು ಬಂದರೆ ಮೊದಲು ಒಳಕೋಣೆಗೆ ಹೋಗುತ್ತಿದ್ದುದು ಆ ಕಂಬಳಿ. ಗೂಟದಿಂದ ಇಳಿದು ಮೈಮೇಲೆ ಬರುತ್ತಿದ್ದುದು ಆ ಕೋಟು. ಮಾನಕ್ಕೆ ಒಂದು, ಮೈಗೆ ಒಂದು. ಎರಡೂ ಒಂದೇ ಉಡುಪಿನಲ್ಲಿ ಸಿಗಬೇಕೆಂಬ ಆಸೆ ಅವರಿಗೆ ಎಂದಾದರೂ ಹುಟ್ಟಿತ್ತೋ ಇಲ್ಲವೋ. ನನಗೆ ಹುಟ್ಟಿದ್ದು ಅರವತ್ತು ದಾಟಿದ ಮೇಲೆ.

ನಮ್ಮ ಮಗಳನ್ನು ದಿಲ್ಲಿಯ ಒಂದು ಪಂಜಾಬಿ ಮನೆತನಕ್ಕೆ ಕೊಟ್ಟಿದ್ದೇವೆ. ಮದುವೆಯಾದ ಬಳಿಕ ಬರುವ ಮೊದಲ ಲೋಹಡಿ ಅವರಲ್ಲಿ ದೊಡ್ಡ ಹಬ್ಬ. ಸಂಕ್ರಾಂತಿಯ ಹಿಂದಿನ ರಾತ್ರಿ ಅಂಗಳದಲ್ಲಿ ಬೆಂಕಿ ಹಾಕಿ, ಎಳ್ಳು, ಶೇಂಗಾ, ಅರಳು ಅರ್ಪಿಸಿ ಅದರ ಸುತ್ತ ಹಾಡಿ ಕುಣಿಯುತ್ತಾರೆ. 2023ರ ಜನವರಿಯಲ್ಲಿ ಅದಕ್ಕಾಗಿ ನಮಗೆ ಕರೆ ಬಂದಿತು. ಬೀಗರ ಮುಂದೆ ಶಾಲು ಹೊದ್ದು ನಿಲ್ಲಲು ಮನಸ್ಸಾಗಲಿಲ್ಲ. ಹೊರಡುವ ಮುನ್ನ ನಗರದ ದೊಡ್ಡ ಅಂಗಡಿಯೊಂದರಲ್ಲಿ ಒಂದು ಕೋಟು ಕೊಂಡೆ. ಕಪ್ಪು ಬಣ್ಣ, ಸೊಂಟದಲ್ಲಿ ತುಸು ಹಿಡಿದ ಆಕಾರ, ಒಳಗೆ ಹೊಳೆಯುವ ಅಸ್ತರು. ಕನ್ನಡಿಯ ಮುಂದೆ ನಿಂತು ಹತ್ತು ವರ್ಷ ಚಿಕ್ಕವನಾದೆನೆಂದುಕೊಂಡೆ. ಅಂಗಡಿಯ ಹುಡುಗನೂ ಹಾಗೆಯೇ ಹೇಳಿದ. ಮನೆಯವರು ಮಾತ್ರ ತೋಳಿನ ಅರಿವೆಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿ, ಏನೂ ಆಡದೆ, ಪೆಟ್ಟಿಗೆಯ ತಳದಲ್ಲಿ ಕಂಬಳಿಯನ್ನು ಮಡಚಿ ಇಟ್ಟರು. “ಇದೂ ಇರಲಿ ತಗೋರಿ” ಎಂದರು.

ಲೋಹಡಿಯ ಬೆಂಕಿಯ ಮುಂದೆ ಎದೆ ಸುಡುತ್ತಿತ್ತು, ಬೆನ್ನು ಕೊರೆಯುತ್ತಿತ್ತು. ಆ ಕೋಟು ಗಾಳಿಗೆ ಜರಡಿಯಂತೆ ದಾರಿ ಬಿಟ್ಟಿತು. ಅಷ್ಟರಲ್ಲಿ ಒಂದು ಕಿಡಿ ಹಾರಿ ತೋಳಿನ ಮೇಲೆ ಕುಳಿತಿತು. ಕೊಡವುವಷ್ಟರಲ್ಲಿ ಕಡಲೆಗಾತ್ರದ ತೂತು. ಬೀಗರು ಹತ್ತಿರ ಬಂದು ತೂತಿನ ಅಂಚನ್ನು ಉಗುರಿನಿಂದ ಮುಟ್ಟಿದರು. ಅದು ಕರಗಿ ಗಟ್ಟಿಯಾಗಿ ಮಣಿಯಂತೆ ಉರುಟಾಗಿತ್ತು. “ಉಣ್ಣೆ ಕರಗುವುದಿಲ್ಲ, ಬೀಗರೇ. ಕೂದಲಿನ ನಾತ ಬರುತ್ತದೆ, ಹೊಸಕಿದರೆ ಬೂದಿಯಾಗುತ್ತದೆ. ಇದು ಪಾಲಿಯೆಸ್ಟರ್” ಎಂದು ತಮ್ಮ ಭಾಷೆಯಲ್ಲಿ ಮೆಲ್ಲಗೆ, ಬೇರಾರಿಗೂ ಕೇಳದಂತೆ ಹೇಳಿದರು. ಆ ಮೆಲುದನಿಗಾಗಿ ನಾನು ಅವರಿಗೆ ಇಂದಿಗೂ ಋಣಿ.

ಮೂರು ದಿನಗಳ ಮೇಲೆ, 16ರಂದು, ಸಫ್ದರ್‌ಜಂಗ್ ವೀಕ್ಷಣಾಲಯದಲ್ಲಿ ಉಷ್ಣತೆ 1.4 ಡಿಗ್ರಿಗೆ ಇಳಿಯಿತು. ದಿಲ್ಲಿಯ ಮನೆಗಳು ಬೇಸಗೆಗಾಗಿ ಕಟ್ಟಿದವು. ನೆಲಕ್ಕೆ ಕಲ್ಲು, ಎತ್ತರದ ಚಾವಣಿ. ಹೊರಗಿನ ಚಳಿ ಒಳಗೂ ಇರುತ್ತದೆ. ಮರುದಿನವೇ ಬೀಗರು ನನ್ನನ್ನು ಕರೋಲ್ ಬಾಗಿನ ಓಣಿಯೊಂದರಲ್ಲಿದ್ದ ವೃದ್ಧ ದರ್ಜಿಯ ಬಳಿಗೆ ಕರೆದೊಯ್ದರು.

ಆ ದರ್ಜಿಯ ಅಂಗಡಿಯಲ್ಲಿ ಕಳೆದ ಎರಡು ಗಂಟೆಗಳಲ್ಲಿ ನಾನು ಶಿಷ್ಯನಾಗಿದ್ದೆ. ಆತ ಬಟ್ಟೆಯ ಮೂಲೆಯನ್ನು ನನ್ನ ಮುಷ್ಟಿಯಲ್ಲಿಟ್ಟು ಬಿಗಿಯಾಗಿ ಹಿಸುಕಲು ಹೇಳಿದ. ಬಿಟ್ಟೊಡನೆ ಅದು ಸುಕ್ಕನ್ನು ಮರೆತು ಅರಳಿಕೊಂಡಿತು. ಒಳ್ಳೆಯ ಉಣ್ಣೆಯ ಗುಣವದು. ಎಳೆಯಲ್ಲಿ ಸುರುಳಿಗಳಿವೆ, ಸುರುಳಿಗಳ ನಡುವೆ ಗಾಳಿ ನಿಲ್ಲುತ್ತದೆ, ಆ ನಿಂತ ಗಾಳಿಯೇ ಬೆಚ್ಚನೆಯದು. ಆತ ಆರಿಸಿಕೊಟ್ಟದ್ದು ಮೆಲ್ಟನ್ ಎಂಬ ಬಟ್ಟೆ. ನೇಯ್ದ ಮೇಲೆ ತೇವ ಮಾಡಿ ಕುಕ್ಕಿ ಕುಕ್ಕಿ, ಎಳೆಗಳು ಒಂದರೊಳಗೊಂದು ತೊಡರಿ ನೇಯ್ಗೆಯೇ ಕಣ್ಣಿಗೆ ಕಾಣದಂತೆ ಮಾಡಿರುತ್ತಾರೆ. ಗಾಳಿ ಅದನ್ನು ಸುಲಭವಾಗಿ ಭೇದಿಸಲಾರದು. ನಮ್ಮಲ್ಲಿ ಕಂಬಳಿಗೆ ಹುಣಸೆಬೀಜದ ಗಂಜಿ ಕೊಟ್ಟು ಬಿಗಿಗೊಳಿಸುವುದು ನೆನಪಾಯಿತು. ದಿಲ್ಲಿಯ ಮಂಜಿಗೆ ಉಣ್ಣೆಯೇ ತಕ್ಕದ್ದು. ತನ್ನ ತೂಕದ ಶೇಕಡಾ 30ರಷ್ಟು ತೇವವನ್ನು ಹೀರಿಯೂ ಅದು ಒದ್ದೆಯೆನಿಸುವುದಿಲ್ಲ.

ಸೊಂಟ ಹಿಡಿದಿರಲಿ ಎಂದು ನಾನು ಸಂಕೋಚದಿಂದಲೇ ಕೇಳಿದೆ. ಆತ ನಗಲಿಲ್ಲ. ಮೊದಲು ಸ್ವೆಟರ್ ಹಾಕಿಕೊಂಡು ಬನ್ನಿ, ಅದರ ಮೇಲೆ ಅಳತೆ ತೆಗೆಯುತ್ತೇನೆ ಎಂದ. ಬಿಗಿಯಾದರೆ ಒಳಗಿನ ಗಾಳಿ ಹೊರಹೋಗಿ ಚಳಿ ಕೂರುತ್ತದೆ, ಸಡಿಲವಾದರೆ ಕೆಳಗಿನಿಂದ ಗಾಳಿ ನುಗ್ಗುತ್ತದೆ. ಭುಜದ ಹೊಲಿಗೆ ಭುಜ ಮುಗಿಯುವಲ್ಲಿಯೇ ಮುಗಿಯಬೇಕು, ಎದೆಯ ಮೇಲೆ ಎರಡು ಪದರ ಒಂದರ ಮೇಲೊಂದು ಬರಬೇಕು, ಕಾಲರನ್ನು ಎತ್ತಿದರೆ ಕಿವಿಗೆ ತಾಗಬೇಕು, ಉದ್ದ ಮೊಣಕಾಲಿನವರೆಗೆ. ಬೆಚ್ಚಗಿರಲೆಂದು ಆತ ಹೇಳಿದ ಒಂದೊಂದು ಅಳತೆಯೂ ಚೆಂದಕ್ಕೂ ಬೇಕಾದ ಅಳತೆಯೇ ಆಗಿತ್ತು. ನಾನು ಅಂಗಡಿಯಲ್ಲಿ ಹಣ ಕೊಟ್ಟು ತಂದದ್ದು ಚೆಂದವೆಂಬುದರ ಚಿತ್ರವನ್ನು ಮಾತ್ರ.

ಗೊಗೋಲನ ‘ಓವರ್‌ಕೋಟ್’ ಕಥೆಯನ್ನು ಎಷ್ಟೋ ವರ್ಷ ತರಗತಿಯಲ್ಲಿ ಪ್ರಸ್ತಾಪಿಸಿದ್ದೇನೆ. 1842ರಲ್ಲಿ ಪ್ರಕಟವಾದ ಆ ಕಥೆಯ ಬಡ ಗುಮಾಸ್ತ ಕೊರಳಪಟ್ಟಿಗೆ ಬೆಲೆಬಾಳುವ ಮಾರ್ಟೆನ್ ಎಂಬ ಪ್ರಾಣಿಯ ತುಪ್ಪಳ ಕೊಳ್ಳಲಾರದೆ, ದೂರದಿಂದ ಹಾಗೆಯೇ ಕಾಣುವ ಬೆಕ್ಕಿನ ತುಪ್ಪಳ ಹಾಕಿಸುತ್ತಾನೆ. ಹುಡುಗರೊಂದಿಗೆ ನಾನೂ ಅಲ್ಲಿ ನಗುತ್ತಿದ್ದೆ. ಕರೋಲ್ ಬಾಗಿನಿಂದ ಮರಳುವಾಗ ಆ ನಗೆಗೆ ನಾಚಿದೆ. ಬೆಕ್ಕಿನ ತುಪ್ಪಳವಾದರೂ ಅವನನ್ನು ಬೆಚ್ಚಗಿಡುತ್ತಿತ್ತಲ್ಲ!

ಕೋಟು ಕೈಗೆ ಬರಲು ಒಂದು ವಾರ ಬೇಕಿತ್ತು. ನನ್ನ ನಿವೃತ್ತಿವೇತನದ ಕಾಲುಭಾಗ ಅದಕ್ಕೆ ಹೋಯಿತು. ಆ ವಾರದ ನಸುಕುಗಳನ್ನು ನಾನು ಕಳೆದದ್ದು ಬಾಗಿಲಿಕ್ಕಿಕೊಂಡು, ಕಂಬಳಿ ಹೊದ್ದು. ಒಂದು ದಿನ ಬೀಗರು ತಾವೇ ಚಹ ಹಿಡಿದು ಬಾಗಿಲು ತಳ್ಳಿದರು. ಅದನ್ನು ಹಾಸಿಗೆಯ ಕೆಳಕ್ಕೆ ನೂಕಲು ಹೋದೆ. ತಂದೆಯ ಕೈ ನನ್ನ ಕೈಯಲ್ಲಿತ್ತು. ಬೀಗರು ಲೋಟ ಕೆಳಗಿಟ್ಟು ಕಂಬಳಿಯ ಒಂದು ಅಂಚನ್ನು ಎಳೆದುಕೊಂಡರು. ಮುಷ್ಟಿಯಲ್ಲಿ ಹಿಸುಕಿ ಬಿಟ್ಟರು.

“ಇದನ್ನು ಎಲ್ಲಿ ನೇಯುತ್ತಾರೆ?” ಎಂದು ಕೇಳಿದರು.

ಚಳ್ಳಕೆರೆಯ ಕಂಬಳಿಯ ಸಂತೆಯನ್ನೂ ದಖ್ಖನಿ ಕುರಿಗಳನ್ನೂ ನೇಯುವ ಕುರುಬರನ್ನೂ ಕುರಿತು ನನಗೆ ತಿಳಿದಷ್ಟು ಹೇಳಿದೆ. ಉಣ್ಣೆ ಒರಟು, ಮೈಗೆ ಚುಚ್ಚುತ್ತದೆ ಎಂದೂ ಸೇರಿಸಿದೆ. ಚಹ ಆರುವವರೆಗೂ ಅವರು ಅದರ ಅರ್ಧವನ್ನು ತಮ್ಮ ಮೊಣಕಾಲ ಮೇಲೆ ಹೊದ್ದು ಕುಳಿತಿದ್ದರು.

ಹೊರಡುವ ದಿನ ಕೋಟು ತೊಟ್ಟುಕೊಂಡು ನಿಲ್ದಾಣಕ್ಕೆ ಹೋದೆ. ಕಂಬಳಿಯನ್ನು ಅಲ್ಲಿಯೇ ಬಿಟ್ಟು ಬಂದೆ. ಕೋಟು ಈಗ ಧಾರವಾಡದ ನಮ್ಮ ಬೀರುವಿನಲ್ಲಿದೆ. ಉಣ್ಣೆಗೆ ನುಸಿಯ ಭಯ. ಒಣಗಿದ ಬೇವಿನೆಲೆ ಇಟ್ಟು, ಮಳೆ ನಿಂತ ಮೇಲೆ ಒಮ್ಮೆ ಬಿಸಿಲಿಗೆ ಹಾಕುತ್ತೇವೆ. ಅಂದು ಮನೆಯವರ ಕಣ್ಣು ತಪ್ಪಿಸಿ ಒಮ್ಮೆ ತೊಟ್ಟು ನೋಡುತ್ತೇನೆ. ಎರಡು ನಿಮಿಷಕ್ಕೆ ಬೆವರು ಬರುತ್ತದೆ.