ಪೇಟದ ಹಿಂದಿನ ಸೇಫ್ಟಿ ಪಿನ್ನು

ಛಾಯಾಗ್ರಾಹಕ ಮಿತ್ರರೇ, ಚೈತ್ರದ ಬಿಸಿಲಿನಲ್ಲಿ ಪೇಟ ಸುತ್ತಿ, ಡಾಲು ಹಿಡಿದು ನಮ್ಮ ಕ್ಯಾಮೆರಾಗಳಿಗೆ ಮುಖ ಕೊಡುವ ಗೆಳೆಯ ಗೆಳತಿಯರೇ,

ಹಳೆಯ ಕಾಲದ ಸೈನಿಕರ ವೇಷ ತೊಟ್ಟವರನ್ನು ಚಿತ್ರಿಸುವ ಬಗ್ಗೆ ಮಾತಾಡಲು ಠಾಣೆ ತಕ್ಕ ಊರು. ಪೋರ್ಚುಗೀಸರು ಕಟ್ಟಲು ಹೊರಟ ಇಲ್ಲಿಯ ಕೋಟೆಯನ್ನು 1737ರಲ್ಲಿ ಮರಾಠರು ಗೆದ್ದರು. 1774ರ ಕೊನೆಗೆ ಇಂಗ್ಲಿಷರು ಕಿತ್ತುಕೊಂಡರು. ಮೂರು ಸೈನ್ಯಗಳನ್ನು ಕಂಡ ಆ ಗೋಡೆಗಳ ಒಳಗೆ ಈಗ ಜೈಲಿದೆ. ಕ್ಯಾಮೆರಾ ಹಿಡಿದು ಒಳಗೆ ಹೋಗುವ ಹಾಗಿಲ್ಲ. (ಹೋಗುವ ಬೇರೆ ದಾರಿ ಯಾರಿಗೂ ಬೇಡ.) ಕಲ್ಯಾಣ 1657ರಲ್ಲಿ ಶಿವಾಜಿಯ ಕೈಸೇರಿದ ಮೇಲೆ ಅಲ್ಲಿಯ ಖಾಡಿಯಲ್ಲಿ ಹಡಗು ಕಟ್ಟುವ ಕೆಲಸ ಶುರುವಾಯಿತು. ಬೇಲಾಪುರದ ಕೋಟೆಯಲ್ಲಿ ಉಳಿದಿರುವುದು ಅಷ್ಟಿಷ್ಟು ಕಲ್ಲು. ಕೋಟೆಗಳ ಪಾಡು ಹೀಗಿರುವುದರಿಂದ ನಮ್ಮ ಕ್ಯಾಮೆರಾಕ್ಕೆ ಇತಿಹಾಸ ಸಿಗುವುದು ಬೀದಿಯಲ್ಲಿ, ಅದೂ ಗುಡಿ ಪಾಡ್ವದ ಬೆಳಿಗ್ಗೆ.

1990ರ ದಶಕದ ಕೊನೆಯಲ್ಲಿ ಡೊಂಬಿವಲಿಯ ಗಣೇಶ ಮಂದಿರದಿಂದ ಹೊರಟ ಹೊಸ ವರ್ಷದ ಶೋಭಾಯಾತ್ರೆ ಠಾಣೆಗೂ ಕಲ್ಯಾಣಕ್ಕೂ ಮಹಾರಾಷ್ಟ್ರದ ಉಳಿದ ಊರುಗಳಿಗೂ ಹರಡಿತು. ಯುರೋಪಿನಲ್ಲಿ ಹಳೆಯ ಯುದ್ಧವನ್ನು ಮೈದಾನದಲ್ಲಿ ಮತ್ತೆ ಆಡಿ ತೋರಿಸುವ ಸಂಘಗಳಿವೆ. 2015ರಲ್ಲಿ ವಾಟರ್ಲೂ ಕದನದ ಇನ್ನೂರನೇ ವರ್ಷಕ್ಕೆ ಸಾವಿರಾರು ಮಂದಿ ಹಾಗೆ ಸೇರಿದ್ದರು. ಅಂಥ ಕಡೆ ಕೋಟಿನ ಗುಂಡಿಯೊಂದು ತಪ್ಪಿದರೂ ಜಗಳವಾಗುತ್ತದೆ. ನಮ್ಮಲ್ಲಿ ಅಂಥ ಸಂಘ ಅಪರೂಪ, ಮೆರವಣಿಗೆ ಧಾರಾಳ. ಡೊಂಬಿವಲಿಯ ಫಡಕೆ ರೋಡಿನಲ್ಲಿ ಕುದುರೆಯ ಮೇಲೆ ಬರುವ ಮಾವಳೆ, ಅಂದರೆ ಶಿವಾಜಿಯ ಸೈನಿಕನ ವೇಷದವನು, ಹಿಂದಿನ ದಿನ ಡ್ರೆಸ್‌ವಾಲಾನ ಹತ್ತಿರ ಡಿಪಾಸಿಟ್ ಕಟ್ಟಿ ಬಂದವನು. ಅವನ ಬಗ್ಗೆ ನನಗೆ ದೂರಿಲ್ಲ. ನನ್ನ ಮಾತು ಅವನ ಫೋಟೊ ತೆಗೆದು, ಕೆಳಗೆ ‘ಹದಿನೇಳನೆಯ ಶತಮಾನದ ಮರಾಠಾ ಯೋಧ’ ಎಂದು ಬರೆಯುವ ನಮ್ಮ ಬಗ್ಗೆ.

ಶಿವಾಜಿಯ ಕಾಲದ ಕಾಲಾಳುಗಳಿಗೆ ಇಂದಿನ ಅರ್ಥದ ಸಮವಸ್ತ್ರ ಇರಲಿಲ್ಲ. ಹೆಚ್ಚಿನವರು ಅವರವರ ಊರಿನ ಅರಿವೆಯಲ್ಲೇ ಬಂದರು, ಅದರಲ್ಲೇ ಹೋರಾಡಿದರು. ದೇಶೀ ಅರಸರ ಕಾಲಾಳುಗಳು ಒಂದೇ ಬಗೆಯ ಬಟ್ಟೆಯಲ್ಲಿ ಸಾಲು ನಿಂತದ್ದನ್ನು ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಧಾರಾಳವಾಗಿ ಕಾಣುತ್ತೇವೆ: ದ ಬ್ವಾಞ್ ಎಂಬ ಫ್ರೆಂಚ್ ಮಾತಿನ ಸೇನಾನಿ ಮಹಾದಜಿ ಶಿಂದೆಗಾಗಿ ಕಟ್ಟಿದ ಪಲ್ಟನ್ನುಗಳು, ನಮ್ಮ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಹುಲಿಪಟ್ಟೆಯ ಅಂಗಿಯ ಸಿಪಾಯಿಗಳು. ಹಾಗಿದ್ದರೆ ಯಾತ್ರೆಯಲ್ಲಿ ನೂರು ಮಾವಳೆಗಳಿಗೆ ಒಂದೇ ಅಳತೆಯ ಅಂಗಿ, ಒಂದೇ ಕೇಸರಿಯ ಪೇಟ ಬಂದದ್ದೆಲ್ಲಿಂದ? ಬಾಡಿಗೆ ಅಂಗಡಿಯ ಗಂಟಿನಿಂದ, ಅದಕ್ಕೂ ಮೊದಲು ಸಿನಿಮಾದಿಂದ. ನಮ್ಮಲ್ಲಿ ವೇಷದ ದೊಡ್ಡ ತಪ್ಪು ಯಾವುದೋ ಗುಂಡಿಯದಲ್ಲ. ಎಲ್ಲರೂ ಒಂದೇ ಥರ ಇರುವುದೇ ತಪ್ಪು.

ಆ ಕೇಸರಿಯನ್ನೇ ನೋಡಿ. ಪರ್ಕಿನ್ ಮೊದಲ ಕೃತಕ ಬಣ್ಣ ಕಂಡುಹಿಡಿದದ್ದು 1856ರಲ್ಲಿ. ಅದಕ್ಕೆ ಮೊದಲು ಬಟ್ಟೆಗೆ ಬಣ್ಣ ಬರುತ್ತಿದ್ದದ್ದು ಕುಸುಬೆ ಹೂವು, ಮಂಜಿಷ್ಠದ ಬೇರು, ಅರಿಶಿನ, ನೀಲಿ ಗಿಡ ಇಂಥವುಗಳಿಂದ. ಕುಸುಬೆಯ ಬಣ್ಣ ಬಿಸಿಲಿಗೆ ಮಾಸುತ್ತದೆ, ಒಗೆದರೆ ಇಳಿಯುತ್ತದೆ. ಹೀಗಾಗಿ ಒಂದು ಗುಂಪಿನಲ್ಲಿ ಎರಡು ಪೇಟ ಒಂದೇ ಬಣ್ಣದವಾಗಿರುವುದು ಸುಲಭವಿರಲಿಲ್ಲ. ಇಂದಿನ ಪಾಲಿಯೆಸ್ಟರ್ ಪೇಟ ಮಿಂಚುತ್ತದೆ. ಡಿಜಿಟಲ್ ಕ್ಯಾಮೆರಾಕ್ಕೆ ಅದು ಬೇರೆ ತೊಂದರೆಯನ್ನೂ ತರುತ್ತದೆ. ಕೆಂಪು ಚಾನೆಲ್ ಒಂದೇ ತುಂಬಿ ಹರಿದು ಪೇಟದ ಮಡಿಕೆಗಳೆಲ್ಲ ಮಾಯವಾಗುತ್ತವೆ. ಒಟ್ಟು ಹಿಸ್ಟೋಗ್ರಾಂ ಮಾತ್ರ ಏನೂ ಆಗದಂತೆ ಕಾಣುತ್ತದೆ. ಮೂರು ಚಾನೆಲ್ಲುಗಳನ್ನೂ ಬೇರೆಬೇರೆಯಾಗಿ ನೋಡಿ, ಬೆಳಕನ್ನು ಸ್ವಲ್ಪ ತಗ್ಗಿಸಿ, ರಾ ಫೈಲಿನಲ್ಲಿ ತೆಗೆಯಿರಿ. ಮೊದಲ ಚೌಕಟ್ಟಿನಲ್ಲಿ ಒಂದು ಗ್ರೇ ಕಾರ್ಡ್ ಹಿಡಿಸಿ. ಬಣ್ಣ ಹೀಗಿತ್ತು ಎಂದು ನಾಳೆ ಹೇಳಬೇಕಾದರೆ ಅಷ್ಟಾದರೂ ಆಧಾರ ಬೇಕು.

ಬಣ್ಣದ ಮಾತು ಬಂದರೆ ನಮ್ಮವರಿಗೆ ಖಾಕಿಯ ಮೇಲೆ ಒಂದು ಹಕ್ಕಿದೆ. ಮಂಗಳೂರಿನ ಕಡೆಯಿಂದ ಬಂದು ಡೊಂಬಿವಲಿ, ಠಾಣೆಗಳಲ್ಲಿ ನೆಲೆ ನಿಂತವರು ಈ ಸಭೆಯಲ್ಲೂ ಇದ್ದೀರಿ. ಬಾಸೆಲ್ ಮಿಷನ್ನಿನ ಮಂಗಳೂರಿನ ನೇಯ್ಗೆ ಕಾರ್ಖಾನೆಯಲ್ಲಿ 1850ರ ದಶಕದ ಆರಂಭದಲ್ಲಿ ಜಾನ್ ಹಾಲರ್ ಖಾಕಿ ಬಣ್ಣ ಸಿದ್ಧಪಡಿಸಿದ ಕತೆ ಊರಲ್ಲಿ ಎಲ್ಲರಿಗೂ ಗೊತ್ತು. ಅತ್ತ ಪೇಶಾವರದಲ್ಲಿ 1846ರಲ್ಲೇ ಲಮ್ಸ್‌ಡೆನ್ ಕಟ್ಟಿದ ಗೈಡ್ಸ್ ಪಡೆ ಮಣ್ಣಿನ ಬಣ್ಣ ತೊಟ್ಟಿತ್ತು. ಮೊದಲು ಯಾರು ಎಂಬ ಜಗಳ ಇಲ್ಲಿ ಬೇಡ. ಛಾಯಾಗ್ರಾಹಕನಿಗೆ ಮುಖ್ಯವಾದದ್ದು ಬೇರೆ: 1857ರ ಸುಮಾರಿಗೆ ಬಿಳಿ ಬಟ್ಟೆಯನ್ನು ಚಹಾದಲ್ಲೋ ಮಣ್ಣಿನಲ್ಲೋ ಅದ್ದಿ ಖಾಕಿ ಮಾಡಿಕೊಳ್ಳುತ್ತಿದ್ದರು. ಪಡೆಯೊಂದರಲ್ಲೇ ಬೂದಿಯಿಂದ ಕಂದಿನವರೆಗೆ ಎಲ್ಲ ಛಾಯೆಗಳೂ ಇದ್ದವು. ತೊಳೆದರೂ ನಿಲ್ಲುವ ಖಾಕಿ ಬಂದದ್ದು 1880ರ ದಶಕದಲ್ಲಿ. 1857ರ ದೃಶ್ಯಕ್ಕೆಂದು ಇಸ್ತ್ರಿ ಮಾಡಿದ ಪೊಲೀಸ್ ಖಾಕಿಯ ಸಾಲನ್ನು ನಿಲ್ಲಿಸಿದರೆ ಅದು ಹೊಂದುವುದು ಹೇಗೆ?

ಮೊದಲ ಮಹಾಯುದ್ಧದ ಹೈಫಾ ಕದನದ ವಿಷಯದಲ್ಲಿ ಇದಕ್ಕೆ ತಿರುವುಮುರುವು ಆಗುತ್ತದೆ. 1918ರ ಸೆಪ್ಟೆಂಬರ್ 23ರಂದು ಜೋಧಪುರ ಲ್ಯಾನ್ಸರ್ಸ್ ಊರಿನತ್ತ ಕುದುರೆ ಬಿಟ್ಟಾಗ, ಮೈಸೂರು ಲ್ಯಾನ್ಸರ್ಸ್‌ನ ಒಂದು ತುಕಡಿ ಕಾರ್ಮೆಲ್ ಬೆಟ್ಟ ಹತ್ತಿ ಅಲ್ಲಿಯ ತೋಪುಗಳನ್ನು ಹಿಡಿಯಿತು. ಅವರು ತೊಟ್ಟಿದ್ದು ಧೂಳು ಹಿಡಿದ ಖಾಕಿ. ದಸರೆಯ ಜಂಬೂಸವಾರಿಯಲ್ಲಿ ಕಾಣುವಂಥ ಪೂರ್ಣ ಸಡಗರದ ದಿರಿಸನ್ನು ತೊಟ್ಟು ಇದು ಹೈಫಾ ಎನ್ನುವುದು ದರಬಾರಿನ ಉಡುಪಿನಲ್ಲಿ ಯುದ್ಧ ನಡೆಸಿದಂತೆ.

ಹಳೆಯ ಚಿತ್ರ ನೋಡಿ ಹೊಲಿಸಿದ್ದೇವೆ ಎನ್ನುವವರೂ ಎಚ್ಚರವಾಗಿರಬೇಕು. ಮುಂಬಯಿಯಲ್ಲಿ ಫೋಟೊಗ್ರಾಫಿಕ್ ಸೊಸೈಟಿ ಹುಟ್ಟಿದ್ದು 1854ರಲ್ಲಿ. ಆ ತಲೆಮಾರಿನ ಕೊಲೋಡಿಯನ್ ಪ್ಲೇಟಿಗೆ ಹೆಚ್ಚಾಗಿ ಕಾಣುತ್ತಿದ್ದದ್ದು ನೀಲಿ ಬೆಳಕು. ಕೆಂಪು ಕೋಟು ಕಪ್ಪಾಗಿ, ನೀಲಿ ಪಟ್ಟಿ ಬೆಳ್ಳಗಾಗಿ ಮೂಡುತ್ತಿತ್ತು. ತಗಡಿನ ಮೇಲೆ ತೆಗೆದ ಟಿನ್‌ಟೈಪಿನಲ್ಲಿ ಎಡ ಬಲ ಅದಲುಬದಲು. ಅದನ್ನು ನೋಡಿ ಹೊಲಿಸಿದರೆ ಕತ್ತಿ ತಪ್ಪು ಸೊಂಟಕ್ಕೆ ಬರುತ್ತದೆ. ವರ್ಣಚಿತ್ರವನ್ನಾದರೂ ನಂಬೋಣವೆಂದರೆ ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆ ಇದೆ. 1780ರ ಪೊಳ್ಳಿಲೂರು ಕದನದ ಗೋಡೆಚಿತ್ರದಲ್ಲಿ ಕೆಂಪು ಕೋಟಿನ ಇಂಗ್ಲಿಷರ ಚೌಕವನ್ನು, ಪಲ್ಲಕ್ಕಿಯಲ್ಲಿ ಕೂತ ಅವರ ಸೇನಾನಿ ಬೇಲಿಯನ್ನು ನೀವೆಲ್ಲ ಕಂಡಿದ್ದೀರಿ. ಟಿಪ್ಪುವಿನ ಕಾಲದ ಆ ಚಿತ್ರ ಅಳಿಸಿಹೋಗಿ, ವೆಲ್ಲೆಸ್ಲಿಯ ಕಾಲದಲ್ಲಿ ಸರಿಪಡಿಸಲ್ಪಟ್ಟು, ಮತ್ತೆ ಡಾಲ್‌ಹೌಸಿಯ ಕಾಲದಲ್ಲಿ, 1850ರ ದಶಕದಲ್ಲಿ, ಹೊಸದಾಗಿ ಬರೆಸಲ್ಪಟ್ಟಿತು. ಅಲ್ಲಿಯ ಒಂದೊಂದು ಗುಂಡಿಯೂ 1780ಕ್ಕೆ ಸಾಕ್ಷಿಯೋ, ಎಪ್ಪತ್ತು ವರ್ಷದ ನಂತರದ ಕಲಾವಿದನ ಊಹೆಯೋ? ತಿದ್ದಿದವರು ಎಲ್ಲಿ ತಿದ್ದಿದೆವು ಎಂದು ಗುರುತು ಬಿಟ್ಟಿದ್ದರೆ ಈ ಪ್ರಶ್ನೆ ಹುಟ್ಟುತ್ತಿರಲಿಲ್ಲ.

ನಾವು ಫೋಟೊಶಾಪಿನಲ್ಲಿ ಮಾಡುತ್ತಿರುವುದೂ ಇದೇ ಕೆಲಸ. ಮಾವಳೆಯ ಕೈಗಡಿಯಾರ ಅಳಿಸುತ್ತೇವೆ, ಹಿಂದಿನ ವಿದ್ಯುತ್ ತಂತಿ ತೆಗೆಯುತ್ತೇವೆ, ಪೇಟವನ್ನು ಹಿಡಿದಿಟ್ಟ ಸೇಫ್ಟಿ ಪಿನ್ನನ್ನು ಮುಚ್ಚುತ್ತೇವೆ. ಪಿನ್ನಿಗೆ ಪೇಟೆಂಟ್ ಸಿಕ್ಕಿದ್ದು 1849ರಲ್ಲಿ; ಅದೊಂದೇ ಸಾಕು ವೇಷ ಹದಿನೇಳನೆಯ ಶತಮಾನದ್ದಲ್ಲ ಎಂದು ಹೇಳಲು. ಐವತ್ತು ವರ್ಷದ ಮೇಲೆ ನಮ್ಮ ಚಿತ್ರ ಯಾವುದೋ ಪಠ್ಯಪುಸ್ತಕಕ್ಕೆ ಹೋದಾಗ ಅದು 2020ರ ದಶಕದ ಡೊಂಬಿವಲಿ ಎಂದು ಗುರುತಿಸಲು ಉಳಿದಿದ್ದ ಸುಳಿವುಗಳನ್ನು ನಾವೇ ಒರೆಸಿರುತ್ತೇವೆ.

ಆದ್ದರಿಂದ ನನ್ನ ಕೋರಿಕೆ ಸಣ್ಣದು. ಚೆಂದದ ಚೌಕಟ್ಟು ನಿಮ್ಮದೇ. ಅದರ ಜೊತೆಗೆ ಹಿಂದಿನಿಂದ ಒಂದು, ಕಾಲಿನದೊಂದು, ಹೊಲಿಗೆಯದೊಂದು ತೆಗೆದಿಡಿ. ಬೆನ್ನಿನ ಹೊಲಿಗೆ, ಮುಚ್ಚಿಕೊಂಡ ಜಿಪ್ಪು, ಚಪ್ಪಲಿಯ ರಬ್ಬರು ಇವನ್ನೆಲ್ಲ ಮುಂದಿನ ಭಂಗಿ ಹೇಳುವುದಿಲ್ಲ. ಅಡಿಬರಹದಲ್ಲಿ ಎರಡು ಇಸವಿ ಹಾಕಿ: ವೇಷ ಯಾವ ಇಸವಿಯದೆಂದು ತೊಟ್ಟವರು ಹೇಳುತ್ತಾರೋ ಅದು, ಚಿತ್ರ ತೆಗೆದದ್ದು ಯಾವಾಗ ಎಂಬುದು. ತೊಟ್ಟವರಿಗೆ ಇಸವಿ ಗೊತ್ತಿಲ್ಲದಿದ್ದರೆ ಹಾಗೆಯೇ ಬರೆಯಿರಿ, ನೀವೇ ತುಂಬಬೇಡಿ.

ಬಗೆಹರಿಯದ ಒಂದು ತೊಡಕಿದೆ, ಅದನ್ನು ಗೋಷ್ಠಿಗಳಿಗೆ ಬಿಡುತ್ತೇನೆ. ವೇಷ ತೊಟ್ಟ ಹುಡುಗಿ ಚಿತ್ರ ನೋಡಿ, ‘ಅಣ್ಣಾ, ಆ ಪಿನ್ನು ತೆಗೆದುಬಿಡಿ’ ಎನ್ನುತ್ತಾಳೆ. ಕುದುರೆ ಏರಿ ಬರಲು ಅವಳು ವಾರಗಟ್ಟಲೆ ಕಲಿತಿರುತ್ತಾಳೆ. ಆ ಒಂದು ಬೆಳಿಗ್ಗೆಯಾದರೂ ತಾನು ಪೂರ್ತಿ ತನ್ನ ಮನಸ್ಸಿನ ಯೋಧೆಯಾಗಿ ಕಾಣಬೇಕೆಂಬುದು ನ್ಯಾಯದ ಆಸೆ. ಅವಳಿಗೆ ಕೊಡುವ ಪ್ರತಿಯಲ್ಲಿ ಅಳಿಸಿ, ನಮ್ಮ ಸಂಗ್ರಹದ ಪ್ರತಿಯಲ್ಲಿ ಉಳಿಸಬಹುದು ಎಂದುಕೊಂಡಿದ್ದೆ. ಆದರೆ ಜನರ ಕೈಗೆ ಸಿಕ್ಕಿ ಹರಡುವುದು ಯಾವಾಗಲೂ ಅಳಿಸಿದ ಪ್ರತಿಯೇ. ಆ ಹುಡುಗಿಯ ಪರವಾಗಿಯೂ ಸಂಗ್ರಹದ ಪರವಾಗಿಯೂ ಇಲ್ಲಿ ವಾದ ಮಾಡುವವರಿದ್ದಾರೆ. ಮೊದಲ ಗೋಷ್ಠಿಯನ್ನು ಅಲ್ಲಿಂದಲೇ ಶುರು ಮಾಡಿ ಎಂದು ಕೇಳಿಕೊಳ್ಳುತ್ತಾ ಮೈಕನ್ನು ಅವರಿಗೆ ಬಿಟ್ಟುಕೊಡುತ್ತೇನೆ.